ಲಿಂಕನ್ ಓದಿದ ಮರದ ದಿಮ್ಮಿ ಶಾಲೆ ನಿಜಕ್ಕೂ ಹೆಂಗಿತ್ತು? ಕಟ್ಟಿದ್ದು ಯಾರು, ಮೇಷ್ಟ್ರಿಗೆ ಸಂಬಳ ಕೊಟ್ಟಿದ್ದು ಯಾರು?

ಕಲ್ಪತರು_ನಾಡಿನವ
ಲಿಂಕನ್ ಬಗ್ಗೆ ನಮಗೆಲ್ಲಾ ಗೊತ್ತಿರೋದು ಇಷ್ಟೇ ಅಲ್ವಾ, ಬಡವರ ಮನೆ ಹುಡುಗ, ಮರದ ದಿಮ್ಮಿ ಮನೇಲಿ ಹುಟ್ಟಿದ, ಒಲೆ ಬೆಂಕಿ ಬೆಳಕಲ್ಲಿ ಓದ್ಕೊಂಡು ಪ್ರೆಸಿಡೆಂಟ್ ಆದ. ಆದ್ರೆ ಅವನು ಹೋಗ್ತಿದ್ದ ಶಾಲೆ ಬಗ್ಗೆ ಯಾರೂ ಮಾತಾಡಲ್ಲ. 1810-20ರ ಸುಮಾರಿಗೆ ಕೆಂಟಕಿ, ಇಂಡಿಯಾನಾ ಕಡೆ ಎಲ್ಲಾ ದಟ್ಟ ಕಾಡು, ನೆಟ್ಟಗೊಂದು ರೋಡಿಲ್ಲ, ಕಚೇರಿ ಇಲ್ಲ, ಪಕ್ಕದ ಮನೆ ಅಂದ್ರೇನೇ ಎಷ್ಟೋ ದೂರ. ಅಂಥ ಕಡೆ ಶಾಲೆ ಕಟ್ಟಿದ್ಯಾರು, ಮೇಷ್ಟ್ರು ಎಲ್ಲಿಂದ ಬಂದ್ರು, ಅವರ ಹೊಟ್ಟೆಪಾಡು ಹೆಂಗೆ? ಹುಡುಕಿದ್ರೆ ಬರೀ ಕೆಂಪು ಬಣ್ಣ ಬಳಿದ ಪುಟ್ಟ ಶಾಲೆ, ಮೇಲೊಂದು ಗಂಟೆ, ಆ ಥರ ಕ್ಯಾಲೆಂಡರ್ ಫೋಟೋಗಳೇ ಬರ್ತವೆ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಹಳೇಪುಟ
ಮೊದಲು ಆ ಕೆಂಪು ಶಾಲೆ ಫೋಟೋ ಪಕ್ಕಕ್ಕಿಡಿ. ಅದು ಎಷ್ಟೋ ವರ್ಷ ಆದ್ಮೇಲಿನ ಕಥೆ, ಹಲಗೆ ಕೊಯ್ಯೋ ಮಿಲ್ಲು ಬಂದು, ಬಣ್ಣಕ್ಕೆ ಕಾಸು ಹುಟ್ಟಿದ್ಮೇಲೆ. ಅವಾಗ್ಲೂ ಬಹಳಷ್ಟು ಬಿಳೀವು, ಇಲ್ಲಾ ಬಣ್ಣವೇ ಕಾಣದವು.

ಲಿಂಕನ್ ಕಾಲದ್ದು ಅಂದ್ರೆ ಅಕ್ಕಪಕ್ಕದ ಗಂಡಸರೆಲ್ಲಾ ಕೊಡಲಿ ಹಿಡ್ಕೊಂಡು ಬಂದು ಕೈಯಾರೆ ನಿಲ್ಲಿಸ್ತಿದ್ದ ಒಂದು ರೂಮು. ದಿಮ್ಮಿ ತುದಿಗೆ ಕಚ್ಚು ಹಾಕಿ ಒಂದರ ಮೇಲೊಂದು ಕೂರಿಸೋದು, ಮೊಳೆ ದುಬಾರಿ ಸಾಮಾನು ಹಂಗಾಗಿ ಆದಷ್ಟು ಮರದ ಗೂಟದಲ್ಲೇ ಕೆಲಸ ಮುಗಿಸೋದು. ದಿಮ್ಮಿ ದಿಮ್ಮಿ ನಡುವಿನ ಸಂದಿಗೆ ಚಕ್ಕೆ ತುರುಕಿ ಮೇಲೆ ಮಣ್ಣು ಮೆತ್ತೋದು, ಮಳೆಗೆ ಆ ಮಣ್ಣು ಉದುರಿದ್ರೆ ಮತ್ತೆ ಮೆತ್ತೋದು. ನೆಲ ಮಣ್ಣಿಂದೇ, ಅನುಕೂಲ ಇದ್ರೆ ಸೀಳಿದ ಮರ ಹಾಸಿರ್ತಿದ್ರು. ಕಿಟಕಿಗೆ ಗಾಜಿಲ್ಲ, ಗೋಡೇಲಿ ಒಂದು ದಿಮ್ಮಿ ಕತ್ತರಿಸಿ ತೆಗೆದು ಆ ಉದ್ದದ ಸಂದಿಗೆ ಹಂದಿ ಕೊಬ್ಬು ಸವರಿದ ಕಾಗದ ಅಂಟಿಸೋದು, ಗಾಳಿ ತಡೀತದೆ, ಬೆಳಕು ಮಬ್ಬಾಗಿ ಒಳಗೆ ಬರ್ತದೆ. ಅದರ ಕೆಳಗೇ ಗೋಡೆಗೆ ಗೂಟ ಹೊಡೆದು ಓರೆಯಾಗಿ ಒಂದು ಹಲಗೆ, ಬರೆಯೋರು ಅಲ್ಲಿಗೆ ಹೋಗಿ ಬರೀಬೇಕು.

ಬೆಂಚು ಅಂದ್ರೆ ದಿಮ್ಮಿನ ಎರಡು ಹೋಳು ಸೀಳಿ, ಚಪ್ಪಟೆ ಭಾಗ ಮೇಲೆ ಮಾಡಿ, ಕೆಳಗೆ ತೂತು ಕೊರೆದು ನಾಲ್ಕು ಗೂಟ. ಒರಗೋಕೆ ಏನೂ ಇಲ್ಲ, ಎಲ್ಲಾ ಬೆಂಚೂ ಒಂದೇ ಎತ್ತರ, ಆರು ವರ್ಷದ ಮಗು ಕಾಲು ನೇತಾಡಿಸ್ಕೊಂಡು ಬೆಳಗ್ಗೆಯಿಂದ ಸಂಜೆವರೆಗೂ ಕೂರ್ಬೇಕು. ಒಂದು ಕಡೆ ದೊಡ್ಡ ಒಲೆ, ಕಡ್ಡಿ ಮಣ್ಣು ಸೇರಿಸಿ ಕಟ್ಟಿದ ಚಿಮಣಿ. ಸೌದೆ ಪ್ರತಿ ಮನೆಯಿಂದ ಕಳಿಸ್ಬೇಕು, ಕೆಲವು ಕಡೆ ಅಪ್ಪ ಸೌದೆ ಕಳಿಸದೇ ಇದ್ರೆ ಮಗೂನ ಬೆಂಕಿಯಿಂದ ದೂರ ಕೂರಿಸ್ತಿದ್ರಂತೆ.

ಏಕೋಪಾಧ್ಯಾಯ
ಒಂದೇ ಎತ್ತರದ ಬೆಂಚು! ಅದೊಂದು ಇನ್ನೂ ಬದಲಾಗಿಲ್ಲ ಬಿಡಿ ಸಾರ್.

ಹಳೇಪುಟ
ಸಂಬಳದ ವಿಷಯಕ್ಕೆ ಬಂದ್ರೆ ಆ ಕಾಲದವು ಚಂದಾ ಶಾಲೆಗಳು. ಒಬ್ಬ ಮೇಷ್ಟ್ರು ಊರಿಗೆ ಬರ್ತಾನೆ, ಮನೆ ಮನೆಗೆ ಹೋಗಿ ಎಷ್ಟು ಮಕ್ಕಳನ್ನ ಕಳಿಸ್ತೀರಿ ಅಂತ ಕೇಳಿ ಬರಕೊಳ್ತಾನೆ, ಒಂದು ಮಗುಗೆ ಒಂದು ಅವಧಿಗೆ ಇಷ್ಟು ಅಂತ ಒಪ್ಪಂದ. ಅವಧಿ ಅಂದ್ರೆ ಸಾಮಾನ್ಯವಾಗಿ ಎರಡು ಮೂರು ತಿಂಗಳು, ಅದೂ ಚಳಿಗಾಲದಲ್ಲಿ, ಯಾಕಂದ್ರೆ ಹೊಲದ ಕೆಲಸ ಇದ್ದಾಗ ಹುಡುಗ್ರನ್ನ ಯಾರೂ ಬಿಡಲ್ಲ. ಕೈಗೆ ನಗದು ಬರೋದು ಅಪರೂಪ, ಮುಸುಕಿನ ಜೋಳ, ಹಂದಿ ಮಾಂಸ, ಪ್ರಾಣಿ ಚರ್ಮ ಏನಿದ್ಯೋ ಅದು. ಊಟ ವಸತಿ ಸರದಿ ಪ್ರಕಾರ ಒಂದೊಂದು ಮನೇಲಿ ಒಂದಷ್ಟು ದಿನ. ನಮ್ಮಲ್ಲಿ ಓದೋ ಹುಡುಗ್ರು ವಾರಾನ್ನ ಉಂಡ್ರೆ ಅಲ್ಲಿ ಮೇಷ್ಟ್ರೇ ವಾರಾನ್ನದಲ್ಲಿ ಬದುಕ್ತಿದ್ದ ಅನ್ಕೊಳ್ಳಿ.

ಲಿಂಕನ್‌ಗೆ ಕೆಂಟಕಿಲಿ ಇಬ್ರು ಮೇಷ್ಟ್ರು, ಝಕರಾಯಾ ರೈನಿ ಮತ್ತೆ ಕೇಲೆಬ್ ಹೇಝಲ್. 1816ರಲ್ಲಿ ಇಂಡಿಯಾನಾಗೆ ಹೋದ್ಮೇಲೆ ಮೂವರು, ಕ್ರಾಫರ್ಡ್, ಸ್ವೇನಿ, ಡಾರ್ಸಿ. ಎಲ್ಲಾ ಸೇರಿಸಿ ಲೆಕ್ಕ ಹಾಕಿದ್ರೆ ಶಾಲೇಲಿ ಕೂತಿದ್ದು ಒಂದು ವರ್ಷನೂ ಆಗಲ್ಲ ಅಂತ ಅವನೇ 1860ರಲ್ಲಿ ಬರೆದುಕೊಟ್ಟಿದ್ದಾನೆ. ಮೇಷ್ಟ್ರಾಗೋಕೆ ಓದು, ಬರಹ, ತ್ರೈರಾಶಿವರೆಗೆ ಲೆಕ್ಕ ಬಂದ್ರೆ ಸಾಕಿತ್ತು, ಲ್ಯಾಟಿನ್ ಬರುತ್ತಂತೆ ಅನ್ನೋ ಅಲೆಮಾರಿ ಯಾರಾದ್ರೂ ಆ ಕಡೆ ಬಂದ್ರೆ ಅವನನ್ನ ಮಂತ್ರವಾದಿ ಥರ ನೋಡ್ತಿದ್ರು ಅಂತಾನೂ ಅವನೇ ಹೇಳಿರೋದು.

ಧಾರವಾಡ_ಫೇಡಾ
ಅಲ್ರೀ ಇದನ್ನ ಓದಿದ್ರ ನಮ್ಮ ಅಜ್ಜ ಹೇಳ್ತಿದ್ದ ಅಯ್ಯನವರ ಸಾಲಿ ನೆನಪಾತು. ಮಾಸ್ತರಗ ಪಗಾರ ಅಂದ್ರ ಜ್ವಾಳಾ, ಕಾಳು, ಹಬ್ಬಕ್ಕೊಂದು ಧೋತ್ರ. ಉಸುಕಿನ್ಯಾಗ ಅಕ್ಷರ ತಿದ್ದೂದು, ಎಲ್ಲಾ ಹುಡುಗೂರು ಕೂಡಿ ಮಗ್ಗಿ ಒದರೂದು, ಓಣಿ ತುಂಬ ಕೇಳಸ್ತಿತ್ತಂತ.

ಪ್ರೇರಿ_ಪದ್ಮ
ಅಲ್ಲೂ ಹಂಗೇ ಒದರ್ತಿದ್ರು! ಅವನ್ನ ಬ್ಲ್ಯಾಬ್ ಸ್ಕೂಲ್ ಅಂತಾನೇ ಕರೀತಿದ್ರು. ಪ್ರತಿಯೊಬ್ಬ ಮಗೂನೂ ತನ್ನ ಪಾಠ ತಾನು ಗಟ್ಟಿಯಾಗಿ ಓದ್ತಾ ಇರ್ಬೇಕು, ಒಬ್ಬ ಸ್ಪೆಲಿಂಗ್, ಇನ್ನೊಬ್ಬ ಬೈಬಲ್, ಮತ್ತೊಬ್ಬ ಲೆಕ್ಕ, ಎಲ್ಲಾ ಒಂದೇ ಸಲ. ಯಾರ ದನಿ ನಿಲ್ತೋ ಅವನು ಓದ್ತಾ ಇಲ್ಲ ಅಂತ ಅರ್ಥ, ಬೆನ್ನ ಮೇಲೆ ಬೆತ್ತ. ಲಿಂಕನ್ ವಕೀಲ ಆದ್ಮೇಲೂ ಆಫೀಸಲ್ಲಿ ಸೋಫಾ ಮೇಲೆ ಬಿದ್ಕೊಂಡು ಪೇಪರ್‌ನ ಜೋರಾಗಿ ಓದ್ತಿದ್ನಂತೆ, ಜೊತೆ ಪ್ರಾಕ್ಟೀಸ್ ಮಾಡ್ತಿದ್ದ ಹರ್ಂಡನ್‌ಗೆ ಅದು ತಲೆನೋವು, ಅವನೇ ಆಮೇಲೆ ಹೇಳ್ಕೊಂಡಿದ್ದಾನೆ.

ನಾನಿರೋದು ಇಲಿನಾಯ್ ಮಧ್ಯ ಭಾಗದಲ್ಲಿ, ಊರಿಂದ ಯಾರೇ ಬಂದ್ರೂ ಪೀಟರ್ಸ್‌ಬರ್ಗ್ ಹತ್ರ ಇರೋ ನ್ಯೂ ಸೇಲಮ್‌ಗೆ ಕರ್ಕೊಂಡು ಹೋಗೋದು ನಮ್ಮ ಮನೆ ಪದ್ಧತಿ ಆಗ್ಬಿಟ್ಟಿದೆ. ಲಿಂಕನ್ 1831ರಿಂದ 37ರವರೆಗೆ ಇದ್ದ ಹಳ್ಳಿ. ಅಲ್ಲೊಂದು ದಿಮ್ಮಿ ಶಾಲೆ ಇದೆ, ಭಾನುವಾರ ಅದೇ ಚರ್ಚ್. ಒಳಗೆ ಕಾಲಿಟ್ರೆ ಮೊದಲು ಅನ್ಸೋದು ಅಯ್ಯೋ ಎಷ್ಟು ಚಿಕ್ಕದು, ಎಷ್ಟು ಕತ್ತಲೆ ಅಂತ.

ಕಡಲತಡಿ
ಒಂದು ವಿಷಯ ಉಂಟು ಮಾರಾಯ್ರೆ, ಉಸುಕಿನಲ್ಲಿ ಬರೆಯುವುದು ಅಂದಿರಲ್ಲ ಅದಕ್ಕೆ. ಆಂಡ್ರ್ಯೂ ಬೆಲ್ ಅಂತ ಒಬ್ಬ ಪಾದ್ರಿ 1789ರಿಂದ ಮದ್ರಾಸಿನ ಎಗ್ಮೋರಿನಲ್ಲಿ ಅನಾಥ ಹುಡುಗರ ಶಾಲೆ ನೋಡಿಕೊಳ್ತಿದ್ದ. ಇಲ್ಲಿಯ ಮಕ್ಕಳು ಮರಳಿನಲ್ಲಿ ಬೆರಳಿಟ್ಟು ಬರೆಯುವುದನ್ನು ಕಂಡು ತನ್ನ ಶಾಲೆಗೆ ಅದನ್ನೇ ತಂದ, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸಿದ, 1797ರಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕ ಮಾಡಿ ಪ್ರಕಟಿಸಿದ. ಲ್ಯಾಂಕಾಸ್ಟರ್ ಅನ್ನುವವ ಅಂಥದ್ದೇ ಪದ್ಧತಿ ನಡೆಸಿ 1818ರಲ್ಲಿ ಅಮೆರಿಕಕ್ಕೇ ಹೋದ. ಹಾಗಾದರೆ ಆ ಕಾಡಿನ ಶಾಲೆಗಳಲ್ಲಿ ನಮ್ಮ ಜಗಲಿ ಶಾಲೆಯ ಗಾಳಿ ಸ್ವಲ್ಪ ಬೀಸಿತ್ತು ಅಂತಲ್ವಾ?

ಹಳೇಪುಟ
ಬೆಲ್, ಲ್ಯಾಂಕಾಸ್ಟರ್ ಕಥೆ ಸರಿಯಾಗಿದೆ, ಕಾಡಿನ ಶಾಲೆಗೆ ಗಂಟು ಹಾಕೋದು ಮಾತ್ರ ಕಷ್ಟ. ಲ್ಯಾಂಕಾಸ್ಟರ್ ಪದ್ಧತಿ ಇದ್ದದ್ದು ನ್ಯೂಯಾರ್ಕ್, ಸಿನ್ಸಿನಾಟಿ ಅಂಥ ಪಟ್ಟಣಗಳಲ್ಲಿ, ನೂರಾರು ಮಕ್ಕಳಿಗೆ ಒಬ್ಬ ಮೇಷ್ಟ್ರು, ಸಾಲು ಸಾಲು ಬೆಂಚು, ಸಿಪಾಯಿ ಕವಾಯತು ಥರ ಶಿಸ್ತು. ದಿಮ್ಮಿ ಶಾಲೇಲಿ ಇದ್ದಿದ್ದೇ ಇಪ್ಪತ್ತು ಮೂವತ್ತು ಮಕ್ಕಳು. ಅಲ್ಲಿ ದೊಡ್ಡವರು ಚಿಕ್ಕವರಿಗೆ ಹೇಳಿಕೊಟ್ಟಿದ್ದು ಬೇರೆ ದಾರಿ ಇಲ್ಲದೆ, ಮದ್ರಾಸಿನ ಪುಸ್ತಕ ಓದಿ ಅಲ್ಲ.

ಕಡಲತಡಿ
ಇರಲಿ, ಪಟ್ಟಣದವರೆಗಾದರೂ ಬಂತಲ್ಲ 🙂

ಅಂಕೆಸಂಖ್ಯೆ
ನಮ್ಮ ಕಡೆ ಗಾಳಿ ಬೇಕಾದ್ರೆ ತ್ರೈರಾಶಿ ಹಿಡ್ಕೊಳ್ಳಿ. ಆರ್ಯಭಟ, ಬ್ರಹ್ಮಗುಪ್ತ ಬರೆದಿರೋ ಲೆಕ್ಕ, ಅರಬರ ಮೂಲಕ ಯುರೋಪಿಗೆ ಹೋಗಿ ಅಲ್ಲಿಂದ ಇಂಡಿಯಾನಾ ಕಾಡಿಗೆ ಬಂದಿರೋದು. ಐದು ಬುಶೆಲ್ ಜೋಳಕ್ಕೆ ಇಷ್ಟು ಆದ್ರೆ ಹನ್ನೆರಡಕ್ಕೆ ಎಷ್ಟು ಅಂತ ಗೊತ್ತಾದ್ರೆ ಅಂಗಡಿಯವನು ಮೋಸ ಮಾಡೋಕಾಗಲ್ಲ, ರೈತನ ಮಗನಿಗೆ ಅಲ್ಲಿಗೆ ಶಾಲೆ ಮುಗೀತು.

ಧಾರವಾಡ_ಫೇಡಾ
ನನಗೊಂದು ತಿಳೀವಲ್ದು. ಅಮೇರಿಕಾದಾಗ ಪ್ರತಿ ಊರಿಗೂ ಸಾಲಿ ಸಲುವಾಗಿ ಸರ್ಕಾರ ಭೂಮಿ ಬಿಟ್ಟಿತ್ತು ಅಂತ ಕೇಳೀನಿ. ಹಂಗಿದ್ರ ಈ ಮಂದಿ ಜ್ವಾಳಾ, ಹಂದಿ ಕೊಟ್ಟು ಮಾಸ್ತರನ ಯಾಕ ಸಾಕಬೇಕಾತು? ಆ ಭೂಮಿ ರೊಕ್ಕ ಎಲ್ಲಿ ಹೋತು?

ಹಳೇಪುಟ
ಇದೇ ಅಸಲಿ ಪ್ರಶ್ನೆ, ಲಿಂಕನ್ ಕಥೆಗಿಂತ ನನಗೆ ಇದೇ ಇಷ್ಟ. 1785ರ ಭೂಮಿ ಕಾಯ್ದೆ ಪ್ರಕಾರ ಒಹಾಯೊ ನದಿಯಿಂದ ಆಚೆ ಜಾಗ ಎಲ್ಲಾ ಚೌಕ ಚೌಕವಾಗಿ ಅಳತೆ ಮಾಡಿದ್ರು. ಒಂದು ಟೌನ್‌ಶಿಪ್ ಅಂದ್ರೆ ಆರು ಮೈಲಿ ಉದ್ದ ಆರು ಮೈಲಿ ಅಗಲ, ಅದನ್ನ 36 ಭಾಗ ಮಾಡಿ ಒಂದೊಂದಕ್ಕೆ 640 ಎಕರೆ. ಅದರಲ್ಲಿ 16ನೇ ನಂಬರಿನ ಭಾಗ ಶಾಲೆಗೆ ಮೀಸಲು. ಎರಡು ವರ್ಷ ಆದ್ಮೇಲೆ ಬಂದ ನಾರ್ತ್‌ವೆಸ್ಟ್ ಕಾಯ್ದೇಲಿ ಶಾಲೆಗಳಿಗೆ ಸದಾ ಪ್ರೋತ್ಸಾಹ ಕೊಡಬೇಕು ಅಂತಾನೂ ಬರೆದ್ರು. 1848ರಲ್ಲಿ ಆರೆಗಾನ್ ಪ್ರಾಂತ್ಯ ಮಾಡುವಾಗ 36ನೇ ಭಾಗಾನೂ ಸೇರಿಸಿದ್ರು. ಕಾಗದದ ಮೇಲೆ ನೋಡಿದ್ರೆ ಜಗತ್ತಿನಲ್ಲೇ ಯಾರೂ ಮಾಡದ ಏರ್ಪಾಟು.

ಆದ್ರೆ ಮೊದಲನೇದು, ಕೆಂಟಕಿ ಈ ಲೆಕ್ಕಕ್ಕೇ ಬರಲ್ಲ, ಅದು ಮೊದಲು ವರ್ಜೀನಿಯಾದ ಜಮೀನು, ಅಲ್ಲಿ 16ನೇ ಭಾಗ ಅನ್ನೋದೇ ಇಲ್ಲ. ಇಂಡಿಯಾನಾದಲ್ಲಿ ಇತ್ತು, ಆದ್ರೆ ಸುತ್ತಮುತ್ತ ಸರ್ಕಾರಿ ಜಮೀನೇ ಅಗ್ಗಕ್ಕೆ ಸಿಗುವಾಗ ಶಾಲೆ ಕಾಡನ್ನ ಯಾರು ಗುತ್ತಿಗೆಗೆ ಹಿಡೀತಾರೆ? ಎಷ್ಟೋ ಕಡೆ ಯಾರೋ ಬಂದು ಮರ ಕಡ್ಕೊಂಡು ಹೋದ್ರು, ಅಕ್ರಮವಾಗಿ ಮನೆ ಕಟ್ಕೊಂಡ್ರು, ಉಸ್ತುವಾರಿ ನೋಡೋರೇ ತಮಗೆ ಬೇಕಾದವರಿಗೆ ಚಿಲ್ಲರೆ ರೇಟಿಗೆ ಮಾರಿದ್ರು. ಇಂಡಿಯಾನಾದ 1816ರ ಸಂವಿಧಾನದಲ್ಲಿ ಎಲ್ಲರಿಗೂ ಉಚಿತ ಶಿಕ್ಷಣ ಅಂತ ಬರೆದಿದ್ದಾರೆ, ಆದ್ರೆ "ಪರಿಸ್ಥಿತಿ ಅನುಮತಿಸಿದ ಕೂಡಲೇ" ಅಂತ ಒಂದು ಬಾಲ. ಆ ಪರಿಸ್ಥಿತಿ ಅನುಮತಿಸಿ ಗಟ್ಟಿ ಕಾನೂನು ಬಂದಿದ್ದು 1852ರಲ್ಲಿ, ಅಷ್ಟೊತ್ತಿಗೆ ಲಿಂಕನ್‌ಗೇ ನಲವತ್ತಮೂರು.

ಪ್ರೇರಿ_ಪದ್ಮ
ಶಿಕಾಗೋ ಕಥೆ ಕೇಳಿದ್ರೆ ಹೊಟ್ಟೆ ಉರಿಯುತ್ತೆ. ಅಲ್ಲಿ 16ನೇ ಭಾಗ ಬಿದ್ದಿದ್ದು ಈಗಿನ ಸ್ಟೇಟ್ ಸ್ಟ್ರೀಟ್, ಮ್ಯಾಡಿಸನ್ ಸ್ಟ್ರೀಟ್ ಕೂಡೋ ಮೂಲೆಯಿಂದ ಹ್ಯಾಲ್‌ಸ್ಟೆಡ್‌ವರೆಗೆ, ಅಂದ್ರೆ ನಡು ಪೇಟೆ. 1833ರ ಅಕ್ಟೋಬರಲ್ಲಿ 142 ಬ್ಲಾಕ್ ಮಾಡಿ ನಾಲ್ಕು ಬಿಟ್ಟು ಉಳಿದಿದ್ದೆಲ್ಲಾ ಹರಾಜು, ಬಂದಿದ್ದು 38,619 ಡಾಲರ್ ಚಿಲ್ರೆ. ಈಗ ಆ ದುಡ್ಡಲ್ಲಿ ಅಲ್ಲಿ ಒಂದು ರೂಮೂ ಬರಲ್ಲ. ಒಂದಿಷ್ಟು ವರ್ಷ ಗುತ್ತಿಗೆಗೆ ಕೊಟ್ಟು ಸುಮ್ನಿದ್ದಿದ್ರೆ ಶಿಕಾಗೋ ಶಾಲೆಗಳು ಯಾರ ಮುಂದೂ ಕೈ ಚಾಚಬೇಕಾಗಿರಲಿಲ್ಲ. ಮಾರದೇ ಇಟ್ಕೊಂಡಿದ್ದ ಪಶ್ಚಿಮದ ರಾಜ್ಯಗಳು, ಯೂಟಾ, ನ್ಯೂ ಮೆಕ್ಸಿಕೋ ಥರದವು, ಇವತ್ತಿಗೂ ಶಾಲೆ ಜಮೀನಿಂದ ದುಡ್ಡು ಎಣಿಸ್ತಿವೆ, ದನ ಮೇಯಿಸೋ ಗುತ್ತಿಗೆ, ಎಣ್ಣೆ ಬಾವಿ ಎಲ್ಲಾ.

ಧಾರವಾಡ_ಫೇಡಾ
ಗೋಮಾಳ ನುಂಗೂ ಮಂದಿ ಎಲ್ಲಾ ಕಡೆ ಅದಾರ ಅಂತಾತು.

ಇನ್ನೊಂದು ಕೇಳ್ರಿ. ಆ 36 ಚೌಕ ಹಾಕಿದ ಭೂಮಿ ಯಾರದಿತ್ತು? ಶಾನಿ, ಮಯಾಮಿ, ಪೊಟವಾಟಮಿ ಅನ್ನೂ ಅಲ್ಲಿನ ಮೂಲನಿವಾಸಿ ಮಂದೀದು. ಅವರನ್ನ ಒಕ್ಕಲೆಬ್ಬಿಸಿ ಆಮ್ಯಾಲೆ ಇದು ನಮ್ಮ ಮಕ್ಕಳ ಸಾಲಿ ಭೂಮಿ ಅಂತ ಬರಕೊಂಡ್ರ ಅದಕ್ಕ ದಾನ ಅನಬೇಕೇನು? ಅದನ್ನ ಬಿಟ್ಟು ಬರೇ ಬೆಂಚು, ಬೆಂಕಿ, ಬೆತ್ತ ಅಂತ ಬರದ್ರ ಕತಿ ಅರ್ಧಾ ಆಕ್ಕತಿ.

ಹಳೇಪುಟ
ಒಪ್ಪಿದೆ. ಇಂಡಿಯಾನಾದಿಂದ ಪೊಟವಾಟಮಿ ಜನರನ್ನ ಬಂದೂಕು ಹಿಡಿದು ಕಾನ್ಸಸ್ ಕಡೆಗೆ ನಡೆಸಿದ್ದು 1838ರಲ್ಲಿ, ದಾರಿಲಿ ಸತ್ತವರಲ್ಲಿ ಹೆಚ್ಚಿನವರು ಮಕ್ಕಳು. ಅದೇ ಸೀಮೇಲಿ ಅದೇ ಕಾಲಕ್ಕೆ ದಿಮ್ಮಿ ಶಾಲೆಗಳು ಏಳ್ತಿದ್ವು.

ಆದ್ರೆ ಅವರನ್ನ ಬರೀ ಕಳಕೊಂಡವರು ಅಂತ ನೋಡಿದ್ರೂ ಅರ್ಧ ಕಥೆನೇ. ಚೆರೋಕಿ ಅನ್ನೋ ಮೂಲನಿವಾಸಿಗಳನ್ನ ನೋಡಿ. ಸೆಕ್ವೋಯಾ ಅನ್ನೋ ಇಂಗ್ಲಿಷ್ ಓದೋಕೆ ಬಾರದ ಮನುಷ್ಯ 1821ರ ಹೊತ್ತಿಗೆ ತನ್ನ ಭಾಷೆಗೆ ತಾನೇ ಲಿಪಿ ಮಾಡಿ ಮುಗಿಸಿದ, ನಮ್ಮ ಕಾಗುಣಿತದ ಥರ ಒಂದು ಉಚ್ಚಾರಕ್ಕೆ ಒಂದು ಅಕ್ಷರ. 1828ಕ್ಕೆ ಅದರಲ್ಲಿ ಪತ್ರಿಕೆನೇ ಶುರುವಾಯ್ತು. ಜಾರ್ಜಿಯಾ ಕಡೆಯಿಂದ ಅವರನ್ನೂ ಓಡಿಸಿದ್ರು, ಈಗಿನ ಓಕ್ಲಹೋಮಾಗೆ ಬಂದು ಇನ್ನೂ ಸುಧಾರಿಸ್ಕೊಳ್ತಾ ಇರುವಾಗಲೇ 1841ರಲ್ಲಿ ತಮ್ಮದೇ ಸಾರ್ವಜನಿಕ ಶಾಲಾ ವ್ಯವಸ್ಥೆಗೆ ಕಾನೂನು ಮಾಡಿದ್ರು, 1851ರಲ್ಲಿ ಹುಡುಗರಿಗೊಂದು ಹುಡುಗಿಯರಿಗೊಂದು ಮೇಲ್ಮಟ್ಟದ ವಿದ್ಯಾಲಯ ತೆರೆದ್ರು. ಇಂಡಿಯಾನಾದ ಬಿಳಿಯರು 1852ರಲ್ಲಿ ಮಾಡಿದ್ದನ್ನ ಇವರು ಹತ್ತು ವರ್ಷ ಮೊದಲೇ ಮಾಡಿದ್ರು. ಆಮೇಲೆ ಬಂದಿದ್ದೇ 1879ರ ಕಾರ್ಲೈಲ್ ಥರದ ವಸತಿ ಶಾಲೆ, ಮಕ್ಕಳನ್ನ ಮನೆಯಿಂದ ದೂರ ಒಯ್ದು ಕೂದಲು ಕತ್ತರಿಸಿ ಸ್ವಂತ ಭಾಷೆ ಆಡಿದ್ರೆ ಶಿಕ್ಷೆ. ಅದನ್ನ ನಡೆಸಿದವನು ಮಿಲಿಟರಿ ಅಧಿಕಾರಿ, ರಿಚರ್ಡ್ ಪ್ರ್ಯಾಟ್.

ಪ್ರೇರಿ_ಪದ್ಮ
ನಮ್ಮ ಇಲಿನಾಯ್ 1825ರಲ್ಲಿ ಉಚಿತ ಶಾಲೆ ಕಾನೂನು ಮಾಡ್ತಲ್ಲ, ಅದ್ರಲ್ಲೂ ಬಿಳಿಯರ ಮಕ್ಕಳಿಗೆ ಅಂತ ಸ್ಪಷ್ಟವಾಗಿ ಬರೆದಿತ್ತು. ಅಷ್ಟಕ್ಕೂ ತೆರಿಗೆ ಕಟ್ಟಬೇಕಾಗುತ್ತೆ ಅಂತ ಜನ ಕೂಗಾಡಿ ಒಂದೆರಡು ವರ್ಷದಲ್ಲೇ ಅದರ ಹಲ್ಲು ಕಿತ್ತರು. ಕರಿಯರು ತಮ್ಮ ಶಾಲೆ ತಾವೇ ಮಾಡ್ಕೊಂಡ ಕಡೆನೂ ಇದೆ, ಕಾನ್ಸಸ್ಸಲ್ಲಿ ನಿಕೊಡೀಮಸ್ ಅಂತ ಹಳ್ಳಿ, 1877ರಲ್ಲಿ ಕೆಂಟಕಿ ಕಡೆಯಿಂದ ಗುಲಾಮಗಿರಿ ಬಿಟ್ಟು ಬಂದವರು ಕಟ್ಟಿದ್ದು. ಮೊದಲ ಚಳಿಗಾಲ ನೆಲದಲ್ಲಿ ಗುಂಡಿ ತೋಡಿ ಅದರೊಳಗೇ ಬದುಕಿದವರು.

ಚುಟುಕು_ಚಂದ್ರು
ಎಷ್ಟೇ ಹೇಳಿ, ಆ ಮುರುಕು ಶಾಲೆಯಿಂದ ಲಿಂಕನ್ ಬಂದ. ಈಗ ಎಸಿ ರೂಮು, ಸ್ಮಾರ್ಟ್ ಬೋರ್ಡು, ಲಕ್ಷಗಟ್ಟಲೆ ಫೀಸು, ಬರ್ತಿರೋದು ಏನು? ಬಡತನದಲ್ಲೇ ಓದು ಹತ್ತೋದು ಗುರು

ಹಳೇಪುಟ
ಆ ಬೆಂಚಿನ ಮೇಲೆ ಲಿಂಕನ್ ಒಬ್ಬನೇ ಕೂತಿರಲಿಲ್ಲ ಚಂದ್ರು. ಪಕ್ಕದಲ್ಲಿ ಕೂತ ಉಳಿದ ಮಕ್ಕಳು ಏನಾದ್ರು? ಅವನ ಅಪ್ಪನಿಗೆ ಬರ್ತಿದ್ದಿದ್ದು ಹೆಂಗೋ ಒಂದು ಸಹಿ ಗೀಚೋದು ಅಷ್ಟೇ. ಲಿಂಕನ್ ತಾನು ಕಲಿತಿದ್ದೆಲ್ಲಾ ಅವಶ್ಯಕತೆ ಬಿದ್ದಾಗ ಅಲ್ಲಿ ಇಲ್ಲಿ ಹೆಕ್ಕಿದ್ದು ಅಂತ ಹೇಳ್ತಾನೆ, ಯೂಕ್ಲಿಡ್‌ನ ರೇಖಾಗಣಿತ ಕೂತು ಓದಿದ್ದು ಕಾಂಗ್ರೆಸ್, ಅಂದ್ರೆ ಅಮೆರಿಕದ ಸಂಸತ್ತಿನ ಸದಸ್ಯ ಆದ್ಮೇಲೆ. ಶಾಲೆ ಕೊಟ್ಟಿದ್ದು ಅಕ್ಷರ ಮಾತ್ರ. ಒಳ್ಳೆ ಶಾಲೆ ಸಿಕ್ಕಿದ್ರೆ ಏನಾಗ್ತಿದ್ನೋ ಅಂತ ಅವನಿಗೇ ಕೊರಗಿತ್ತು, ಬಡತನದ ಹೊಗಳಿಕೆ ಅವನ ಬಾಯಲ್ಲಿ ಎಲ್ಲೂ ಕಾಣಲ್ಲ.

ಏಕೋಪಾಧ್ಯಾಯ
ನಾನು ತೀರ್ಥಹಳ್ಳಿ ಕಡೆ ಒಂದು ಕಿರಿಯ ಪ್ರಾಥಮಿಕ ಶಾಲೇಲಿ ಒಬ್ನೇ ಮೇಷ್ಟ್ರು, ಒಂದರಿಂದ ಐದು, ಎಲ್ಲಾ ಸೇರಿ ಒಂದು ಕೈಯಲ್ಲಿ ಎಣಿಸೋದಕ್ಕಿಂತ ಸ್ವಲ್ಪ ಜಾಸ್ತಿ ಮಕ್ಕಳು. ಬಿಸಿಯೂಟದ ಲೆಕ್ಕ ಬರೆಯೋದು, ಮೀಟಿಂಗು, ಮಧ್ಯೆ ಪಾಠ. ಹಂಗಾಗಿ ನನಗೆ ಬೇಕಾಗಿರೋದು ಒಂದೇ, ಅವರು ದಿನಾ ಹೆಂಗೆ ನಡೆಸ್ತಿದ್ರು? ಐದು ವರ್ಷದವನಿಂದ ಹಿಡಿದು ಮೀಸೆ ಬಂದವನವರೆಗೂ ಒಂದೇ ರೂಮಲ್ಲಿ, ಎಲ್ಲರಿಗೂ ಒಬ್ಬನೇ. ಟೈಮ್ ಟೇಬಲ್ ಏನಾದ್ರೂ ಇತ್ತಾ?

ಪ್ರೇರಿ_ಪದ್ಮ
ಮೇಷ್ಟ್ರೇ, ಅಲ್ಲಿ ಒಂದನೇ ಕ್ಲಾಸು ಎರಡನೇ ಕ್ಲಾಸು ಅನ್ನೋದೇ ಮೊದಮೊದಲು ಇರಲಿಲ್ಲ. ಆರಂಭದಲ್ಲಂತೂ ಮನೇಲಿ ಯಾವ ಪುಸ್ತಕ ಇದ್ಯೋ ಅದನ್ನೇ ತರೋದು, ಬೈಬಲ್, ಹಳೇ ಪಂಚಾಂಗ ಏನಾದ್ರೂ ಸರಿ. ಆಮೇಲೆ ಮಗಫಿ ಅನ್ನೋನು ಮಾಡಿದ ರೀಡರ್‌ಗಳು, ಅಂದ್ರೆ ಓದೋ ಪಠ್ಯಪುಸ್ತಕಗಳು ಬಂದ್ವು, 1836ರಲ್ಲಿ ಸಿನ್ಸಿನಾಟಿಯಿಂದ, ಒಂದನೇ ರೀಡರ್ ಎರಡನೇ ರೀಡರ್ ಅಂತ ಸಾಲಾಗಿ. ಮಗು ಯಾವ ರೀಡರಲ್ಲಿ ಇದ್ಯೋ ಅದೇ ಅದರ ಕ್ಲಾಸು. ಹದಿನಾರು ವರ್ಷದವನು ಎರಡನೇ ರೀಡರಲ್ಲಿ ಇದ್ರೂ ಯಾರೂ ಫೇಲ್ ಅನ್ನಲ್ಲ, ಕಳೆದ ಚಳಿಗಾಲ ಎಲ್ಲಿಗೆ ಬಿಟ್ಟಿದ್ನೋ ಅಲ್ಲಿಂದ ಶುರು.

ರೂಮಿನ ಮುಂದೆ ಒಂದು ಬೆಂಚು ಖಾಲಿ ಇರುತ್ತೆ. ಮೇಷ್ಟ್ರು ಒಂದು ಗುಂಪನ್ನ ಕರೀತಾರೆ, ಮೂರ್ನಾಲ್ಕು ಜನ ಬಂದು ಕೂರ್ತಾರೆ, ಹತ್ತು ನಿಮಿಷದಲ್ಲಿ ಬಾಯಿಪಾಠ ಒಪ್ಪಿಸಿ ಹೊಸ ಪಾಠ ಹೇಳಿಸ್ಕೊಂಡು ಹೋಗ್ತಾರೆ, ಮುಂದಿನ ಗುಂಪು ಬರುತ್ತೆ. ಉಳಿದವರು ಸ್ಲೇಟು ಬಳಪ ಹಿಡ್ಕೊಂಡು ತಂತಮ್ಮ ಕೆಲಸ. ಸಂಜೆ ಒಳಗೆ ಹಿಂಗೆ ಇಪ್ಪತ್ತು ಮೂವತ್ತು ಸಲ. ಇದರಲ್ಲಿ ಒಂದು ಲಾಭ ಏನಂದ್ರೆ ಚಿಕ್ಕವರು ದೊಡ್ಡವರ ಪಾಠನ ವರ್ಷಾನುಗಟ್ಟಲೆ ಕಿವೀಲಿ ಹಾಕ್ಕೊಂಡಿರ್ತಾರೆ, ತಮ್ಮ ಸರದಿ ಬರೋ ಹೊತ್ತಿಗೆ ಅರ್ಧ ಬಂದಿರುತ್ತೆ. ಶುಕ್ರವಾರ ರಾತ್ರಿ ಸ್ಪೆಲಿಂಗ್ ಪಂದ್ಯ, ಊರಿಗೆ ಊರೇ ಸೇರುತ್ತೆ, ಬೇರೆ ಮನರಂಜನೆ ಎಲ್ಲಿತ್ತು.

ಅಂದಹಾಗೆ ಆ ಮಗಫಿ ಮೊದಲು ಮೇಷ್ಟ್ರಾಗಿದ್ದು ಹದಿನಾಲ್ಕನೇ ವಯಸ್ಸಲ್ಲಿ, 48 ಮಕ್ಕಳಿದ್ದ ಒಂದು ರೂಮಿನ ಶಾಲೇಲಿ, ಅದಿರೋ ಊರಿನ ಹೆಸರು ಈಗ ಕಲ್ಕತ್ತಾ! ಒಹಾಯೊ ರಾಜ್ಯದಲ್ಲಿ, ನಮ್ಮ ಕಲ್ಕತ್ತಾ ಅಲ್ಲ.

ಏಕೋಪಾಧ್ಯಾಯ
ಮುಂದಿನ ಬೆಂಚಿನ ಪದ್ಧತಿ ಹೆಚ್ಚುಕಮ್ಮಿ ನಾನು ಮಾಡೋದೇ. ನಮ್ಮಲ್ಲಿ ನಲಿಕಲಿ ಇದೆ, 1995ರಲ್ಲಿ ಹೆಗ್ಗಡದೇವನಕೋಟೆ ಕಡೆಯಿಂದ ಶುರುವಾಗಿದ್ದು, ಅದ್ರಲ್ಲೂ ಮಗು ತನ್ನ ಏಣಿ ಮೆಟ್ಟಿಲಲ್ಲಿ ತಾನಿರುತ್ತೆ, ಒಂದರಿಂದ ಮೂರು ಒಟ್ಟಿಗೆ ಕೂರ್ತಾರೆ. ವ್ಯತ್ಯಾಸ ಏನಂದ್ರೆ ನಮಗೆ ಕಾರ್ಡು, ಚಟುವಟಿಕೆ ಉಂಟು, ಅವರಿಗೆ ಬಾಯಿಪಾಠ ಮತ್ತು ಬೆತ್ತ. ಕಿವಿಗೆ ಬಿದ್ದು ಕಲಿಯೋ ವಿಷಯ ಮಾತ್ರ ನೂರಕ್ಕೆ ನೂರು ನಿಜ, ನನ್ನ ಎರಡನೇ ಕ್ಲಾಸಿನ ಹುಡುಗಿ ಐದನೇ ಕ್ಲಾಸಿನ ಪದ್ಯ ಪೂರ್ತಿ ಹೇಳ್ತಾಳೆ. ಭಾಗಾಕಾರ ಹಂಗೆ ಬರಲ್ಲ, ಅದಕ್ಕೆ ಪಕ್ಕದಲ್ಲಿ ಕೂತೇ ಹೇಳ್ಬೇಕು, ಆ ಹತ್ತು ನಿಮಿಷ ಸಾಕಾಗಲ್ಲ, ಅವರ ಕಾಲದಲ್ಲೂ ಸಾಕಾಗಿರಲ್ಲ ಅಂತ ಬರೆದುಕೊಡ್ತೀನಿ.

ಕಲ್ಪತರು_ನಾಡಿನವ
ಹೆಣ್ಮಕ್ಕಳು ಟೀಚರ್ ಆಗಿದ್ದು ಯಾವಾಗ? ಫೋಟೋದಲ್ಲಿ ನೋಡಿದ್ರೆ ಎಲ್ಲಾ ಟೀಚರಮ್ಮಗಳೇ. ಮದುವೆ ಆಗಬಾರದು, ಹತ್ತು ಗಂಟೆ ಕೆಲಸ ಆದ್ಮೇಲೆ ಬೈಬಲ್ ಓದಬೇಕು, ದೀಪದ ಗಾಜು ತೊಳೀಬೇಕು ಅಂತೆಲ್ಲಾ 1872ರ ಟೀಚರ್ ನಿಯಮ ಅಂತ ಒಂದು ಪಟ್ಟಿ ವಾಟ್ಸಾಪಲ್ಲಿ ಬಂದಿತ್ತು, ಅದು ನಿಜಾನಾ?

ಹಳೇಪುಟ
ಆ ಪಟ್ಟಿ ನಂಬಬೇಡಿ. ಎಷ್ಟೋ ರಾಜ್ಯದ ಎಷ್ಟೋ ಮ್ಯೂಸಿಯಂಗಳು ಅದನ್ನೇ ಗೋಡೆಗೆ ನೇತುಹಾಕಿ ನಮ್ಮ ಊರಿಂದು ಅಂತಾವೆ, ಮೂಲ ಕಾಗದ ಇದು ಅಂತ ಇದುವರೆಗೆ ಯಾರೂ ತೋರಿಸಿಲ್ಲ. ಹಂಗಂತ ಪರಿಸ್ಥಿತಿ ಸುಖವಾಗಿತ್ತು ಅಂತಲ್ಲ, ಮದುವೆ ಆದ್ರೆ ಕೆಲಸ ಬಿಡಬೇಕು ಅನ್ನೋದು ಬಹಳ ಕಡೆ ನಡೀತಿತ್ತು.

ಮೊದಲು ಬೇಸಿಗೆಯಲ್ಲಿ, ದೊಡ್ಡ ಹುಡುಗ್ರು ಹೊಲಕ್ಕೆ ಹೋದಾಗ ಚಿಕ್ಕ ಮಕ್ಕಳಿಗೆ ಪಾಠ ಹೇಳೋಕೆ ಹೆಂಗಸರನ್ನ ಇಟ್ಕೊಳ್ತಿದ್ರು, ಚಳಿಗಾಲಕ್ಕೆ ಗಂಡಸರು, ಯಾಕಂದ್ರೆ ಆ ದೊಡ್ಡ ಹುಡುಗ್ರು ಮೇಷ್ಟ್ರನ್ನೇ ಎತ್ತಿ ಹೊರಗೆ ಹಾಕೋ ಜಾತಿ. ಕ್ರಿಸ್ಮಸ್ ಹೊತ್ತಿಗೆ ಮೇಷ್ಟ್ರು ಬರೋಕೆ ಮುಂಚೆ ಬಾಗಿಲಿಗೆ ಅಡ್ಡ ಹಾಕ್ಕೊಂಡು ಮಿಠಾಯಿನೋ ಸೇಬೋ ಕೊಡ್ತೀನಿ ಅಂತ ಒಪ್ಪಿಸೋವರೆಗೂ ಒಳಗೆ ಬಿಡ್ತಿರಲಿಲ್ಲ, ಅದೊಂದು ವಾಡಿಕೆನೇ ಆಗಿತ್ತು. ಕ್ಯಾಥರಿನ್ ಬೀಚರ್ ಅನ್ನೋ ಹೆಂಗಸು ಪೂರ್ವದ ರಾಜ್ಯಗಳಲ್ಲಿ ಮದುವೆ ಆಗದ ಓದಿದ ಹುಡುಗೀರು ಸುಮ್ನೆ ಕೂತಿದ್ದಾರೆ, ಪಶ್ಚಿಮದಲ್ಲಿ ಮಕ್ಕಳಿಗೆ ಮೇಷ್ಟ್ರಿಲ್ಲ ಅಂತ ಊರೂರು ಅಲೆದು ಭಾಷಣ ಮಾಡಿದ್ಲು. ವರ್ಮಾಂಟ್‌ನ ಮಾಜಿ ಗವರ್ನರ್ ವಿಲಿಯಂ ಸ್ಲೇಡ್ ಜೊತೆ ಸೇರಿ 1847ರಲ್ಲಿ ಕೆಲಸ ಶುರು, ಕೆಲವು ವಾರ ತರಬೇತಿ ಕೊಟ್ಟು ಎರಡು ವರ್ಷ ಇರ್ತೀವಿ ಅಂತ ಮಾತು ತಗೊಂಡು ಕಳಿಸೋದು. ಹತ್ತು ವರ್ಷದಲ್ಲಿ ಸುಮಾರು 600 ಜನ ಹೋದ್ರು, ಬಹಳ ಜನ ವಾಪಸ್ ಬರಲೇ ಇಲ್ಲ, ಅಲ್ಲೇ ಮದುವೆ ಆಗಿ ನೆಲೆ ನಿಂತ್ರು. ಆದ್ರೆ ಶಾಲಾ ಸಮಿತಿಗಳಿಗೆ ಇದು ಹಿಡಿಸಿದ್ದಕ್ಕೆ ಕಾರಣ ಸೇವಾಭಾವ ಗೀವಾಭಾವ ಅಲ್ಲ, ಗಂಡಸಿನ ಅರ್ಧ ಸಂಬಳಕ್ಕೆ ಕೆಲಸ ಆಗ್ತಿತ್ತು. ಬೀಚರ್ ಕೂಡ ಹೆಂಗಸರಾದ್ರೆ ಖರ್ಚು ಕಮ್ಮಿ ಅಂತ ವಾದ ಮುಂದಿಟ್ಟಿದ್ಲು. ಇಡೀ ವ್ಯವಸ್ಥೆ ನಿಂತಿದ್ದು ಈ ಅಗ್ಗದ ದುಡಿಮೆ ಮೇಲೆ, 16ನೇ ಭಾಗದ ಜಮೀನಿನ ಮೇಲಲ್ಲ.

ಪ್ರೇರಿ_ಪದ್ಮ
ಇದಕ್ಕೆ 1888ರ ಜನವರಿ 12 ಸೇರಿಸ್ಲೇಬೇಕು. ನೆಬ್ರಾಸ್ಕಾ, ಡಕೋಟ ಕಡೆ, ಅಲ್ಲಿ ಮರವೇ ಇಲ್ಲ, ದಿಮ್ಮಿ ಎಲ್ಲಿಂದ ತರೋದು, ಹುಲ್ಲು ಬೇರು ಸಮೇತ ನೆಲನ ನೇಗಿಲಲ್ಲಿ ಪಟ್ಟಿ ಪಟ್ಟಿ ಕತ್ತರಿಸಿ ಇಟ್ಟಿಗೆ ಥರ ಜೋಡಿಸಿ ಶಾಲೆ ಕಟ್ತಿದ್ರು. ಆವತ್ತು ಬೆಳಗ್ಗೆ ಚಳಿಗಾಲಕ್ಕೆ ಹೊಂದದಷ್ಟು ಹಿತವಾದ ಹವಾ, ಮಕ್ಕಳು ದಪ್ಪ ಕೋಟಿಲ್ಲದೆ ಶಾಲೆಗೆ ಹೋಗ್ಬಿಟ್ಟಿದ್ರು. ಶಾಲೆ ಹೊತ್ತಲ್ಲೇ ಹಿಮಗಾಳಿ ಬಂತು, ಮುಂದೆ ಚಾಚಿದ ಕೈ ಕಾಣದಷ್ಟು. ಒಟ್ಟು ಸತ್ತವರು 235 ಅಂತ ಅಂದಾಜು, ಬಹಳ ಮಕ್ಕಳು.

ಮಿನ್ನಿ ಫ್ರೀಮನ್ ಅಂತ ಇನ್ನೂ ಹತ್ತೊಂಬತ್ತರ ಆಸುಪಾಸಿನ ಟೀಚರ್, ಮೈರಾ ವ್ಯಾಲಿಲಿ, ಚಾವಣಿ ಹಾರಿಹೋದ್ಮೇಲೆ ಮಕ್ಕಳನ್ನೆಲ್ಲಾ ಒಟ್ಟಿಗೆ ನಡೆಸ್ಕೊಂಡು ಹೋಗಿ ಒಂದು ಮನೆ ಸೇರಿಸಿದ್ಲು, ಎಲ್ಲರೂ ಬದುಕಿದ್ರು. ಹಗ್ಗ ಕಟ್ಕೊಂಡು ಹೋದ್ರು ಅಂತ ಪತ್ರಿಕೆಗಳು ಬರೆದ್ವು, ಹಗ್ಗ ಇತ್ತಾ ಇಲ್ವಾ ಅಂತ ಆಮೇಲೂ ಜಗಳ. ದೇಶಕ್ಕೆಲ್ಲಾ ಅವಳ ಹೆಸರು ಗೊತ್ತಾಯ್ತು. ಲೋಯಿಸ್ ರಾಯ್ಸ್ ಹೆಸರು ಅಷ್ಟು ಕೇಳಲ್ಲ. ಪ್ಲೇನ್‌ವ್ಯೂ ಊರಿನವಳು, ಸೌದೆ ಮುಗೀತು ಅಂತ ಮೂರು ಮಕ್ಕಳನ್ನ ಕರ್ಕೊಂಡು ಹತ್ತಿರದಲ್ಲೇ ಇದ್ದ ಮನೆಗೆ ಹೊರಟ್ಲು, ದಾರಿ ಸಿಗ್ಲಿಲ್ಲ, ರಾತ್ರಿಯೆಲ್ಲಾ ತಬ್ಕೊಂಡು ಬಯಲಲ್ಲೇ ಇದ್ಲು, ಮೂರೂ ಮಕ್ಕಳು ಹೋದ್ವು, ಅವಳ ಎರಡೂ ಪಾದ ಕತ್ತರಿಸ್ಬೇಕಾಯ್ತು. ಇಬ್ಬರೂ ಮಾಡಿದ್ದು ಒಂದೇ ಕೆಲಸ.

ಏಕೋಪಾಧ್ಯಾಯ
ಮಳೆಗಾಲದಲ್ಲಿ ಹಳ್ಳ ದಾಟಿಸಿ ಮಕ್ಕಳನ್ನ ಮನೆಗೆ ಕಳಿಸೋ ಹೊತ್ತಲ್ಲಿ ಬರೋ ಹೆದರಿಕೆ ಗೊತ್ತು ಮೇಡಂ. ಬೇಗ ಬಿಡಬೇಕಾ ಇಟ್ಕೊಬೇಕಾ ಅನ್ನೋದು ಆ ಕ್ಷಣಕ್ಕೆ ಯಾರಿಗೂ ತಿಳಿಯಲ್ಲ, ಆಮೇಲೆ ಎಲ್ಲರಿಗೂ ತಿಳಿಯುತ್ತೆ.

ಕಲ್ಪತರು_ನಾಡಿನವ
ಇವು ಮುಚ್ಚಿದ್ದು ಯಾವಾಗ? ಅಸಲಿ ದಿಮ್ಮಿ ಶಾಲೆ ಒಂದಾದ್ರೂ ಉಳಿದಿದ್ಯಾ?

ಅಂಕೆಸಂಖ್ಯೆ
ಒಂದು ಟೀಚರ್ ಶಾಲೆಗಳು 1929-30ರಲ್ಲಿ ಇನ್ನೂ ಸುಮಾರು 1,49,000 ಇದ್ವು, 1959-60ಕ್ಕೆ 20,000ದ ಹತ್ರ ಇಳೀತು, ಅದಾದ ಹತ್ತು ವರ್ಷಕ್ಕೆ ಎರಡು ಸಾವಿರಕ್ಕೂ ಕಮ್ಮಿ. ಡಾಂಬರ್ ರೋಡು, ಸ್ಕೂಲ್ ಬಸ್ಸು ಬಂದಿದ್ದು, ಹಳ್ಳಿ ಖಾಲಿ ಆಗಿದ್ದು ಎರಡೂ ಸೇರಿ ಮುಗಿಸಿದ್ವು.

ಪ್ರೇರಿ_ಪದ್ಮ
ಮೊಂಟಾನಾ, ನೆಬ್ರಾಸ್ಕಾ ಕಡೆ ದೂರದ ರ‍್ಯಾಂಚ್‌ಗಳ ಮಧ್ಯೆ ಈಗಲೂ ಕೆಲವು ನಡೀತಿವೆ. ಆಮಿಶ್ ಅನ್ನೋ ಹಳೇ ಪದ್ಧತಿಯ ಕ್ರಿಶ್ಚಿಯನ್ ಪಂಗಡದ ಜನ ಅಂತೂ ಪೆನ್ಸಿಲ್ವೇನಿಯಾ, ಒಹಾಯೊ, ಇಂಡಿಯಾನಾದಲ್ಲಿ ಒಂದು ರೂಮಿನ ಶಾಲೆನೇ ನಡೆಸೋದು, ಎಂಟನೇ ಕ್ಲಾಸಿಗೆ ಓದು ನಿಲ್ಲಿಸ್ತೀವಿ ಅಂತ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1972ರಲ್ಲಿ ಗೆದ್ದಿದ್ದಾರೆ.

ಅಸಲಿ ದಿಮ್ಮಿ ಶಾಲೆ ಬಹುಪಾಲು ಕೊಳೆತು ಹೋದ್ವು, ಇಲ್ಲಾ ಜೋಳದ ಕಣಜ, ಕೊಟ್ಟಿಗೆ ಆದ್ವು. ನ್ಯೂ ಸೇಲಮ್‌ಲಿ ಇರೋದೂ 1930ರ ದಶಕದಲ್ಲಿ ಮರು ಕಟ್ಟಿದ್ದು, ನಿರುದ್ಯೋಗಿ ಹುಡುಗ್ರಿಗೆ ಕೆಲಸ ಕೊಡೋ ಸರ್ಕಾರಿ ಯೋಜನೇಲಿ. ಇಡೀ ಹಳ್ಳೀಲಿ ಹಳೇದು ಅಂತ ಉಳಿದಿರೋದು ಪೀಪಾಯಿ ಮಾಡೋನ ಅಂಗಡಿ ಒಂದೇ. ಆದ್ರೂ ಬಂದ್ರೆ ನೋಡಿ, ಬೇಸಿಗೆಲಿ ಬೇಡ, ಆ ಕತ್ತಲೆ ರೂಮು ಹೆಂಗಿರುತ್ತೆ ಅಂತ ಗೊತ್ತಾಗ್ಬೇಕಾದ್ರೆ ನವೆಂಬರಲ್ಲಿ ಬನ್ನಿ.

ಏಕೋಪಾಧ್ಯಾಯ
ಶಾಯಿ ಎಲ್ಲಿಂದ ತರ್ತಿದ್ರು ಅಂತ ಯಾರಿಗಾದ್ರೂ ಗೊತ್ತಾ, ಮಕ್ಕಳಿಗೆ ಮಾಡಿ ತೋರಿಸ್ಬಹುದಾ ಅಂತ.

ಹಳೇಪುಟ
ಮನೇಲೇ ಮಾಡ್ತಿದ್ರು. ಓಕ್ ಮರದ ಮೇಲೆ ಹುಳ ಕಟ್ಟೋ ಗಂಟು ಇಲ್ಲಾ ಮೇಪಲ್ ತೊಗಟೆ ಕುದಿಸಿ ಅದಕ್ಕೆ ಅನ್ನಭೇದಿ, ಅಂದ್ರೆ ಕಬ್ಬಿಣದ ಸಲ್ಫೇಟ್ ಹಾಕಿದ್ರೆ ಕಪ್ಪಾಗುತ್ತೆ. ನಮ್ಮಲ್ಲಿ ಅಳಲೆಕಾಯಿ ಹಾಕಿ ಮಾಡ್ಬಹುದು, ಅದರಲ್ಲೂ ಅದೇ ಒಗರು, ಅಂಗಡೀಲಿ ಎರಡೂ ಸಿಗ್ತವೆ. ಮಕ್ಕಳ ಬಟ್ಟೆ ಮೇಲೆ ಬಿದ್ರೆ ಹೋಗಲ್ಲ, ಪೋಷಕರಿಂದ ನೀವೇ ಬೈಸ್ಕೊಬೇಕು. ಪೆನ್ನಿಗೆ ಹೆಬ್ಬಾತಿನ ಗರಿ, ಬೆಳಗ್ಗೆ ಬಂದು ಎಲ್ಲಾ ಮಕ್ಕಳ ಗರಿ ಚೂಪು ಮಾಡಿಕೊಡೋದು ಮೇಷ್ಟ್ರ ಕೆಲಸ. ಚಳಿ ಜಾಸ್ತಿ ಆದ್ರೆ ಶಾಯಿ ಹೆಪ್ಪುಗಟ್ಟೋದು, ಕುಡಿಕೆನ ಒಲೆ ಹತ್ರ ಇಟ್ಟು ಕರಗಿಸ್ಕೊಂಡು ಬರೀಬೇಕು.

ಧಾರವಾಡ_ಫೇಡಾ
ಶಾಯಿ ಗಡ್ಡಿ ಆಗಿತ್ರೀ ಸರ್, ಅದಕ್ಕ ಬರದಿಲ್ಲ. ಇಂಥಾ ಛಲೋ ನೆಪ ನಮಗ್ಯಾಕ ಸಿಗಲಿಲ್ಲ 😄